11 ನಿಮಿಷದ ವಿಡಿಯೊ

ಹಾಸನದಲ್ಲಿ ನನ್ನದೊಂದು ಮದುವೆ ವಿಡಿಯೊ ಎಡಿಟಿಂಗ್ ಅಂಗಡಿ. ಹೋದ ತಿಂಗಳು ಪಕ್ಕದ ಹಳ್ಳಿಯವರೊಬ್ಬರು ಬಂದರು. ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗೆ ಅಲೆದಲೆದು ಸುಸ್ತಾಗಿದ್ದರು. ಕೊನೆಗೆ ಅಂಗಿ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು, ನೌಕರನೊಬ್ಬ ಲಂಚ ತೆಗೆದುಕೊಳ್ಳುವುದನ್ನು ರೆಕಾರ್ಡ್ ಮಾಡಿದ್ದರು. "ದುಡ್ಡು ಇಸ್ಕೊಳ್ಳೋದಷ್ಟೇ ಇರಲಿ ಅಣ್ಣ, ಮಿಕ್ಕಿದ್ದು ಕಟ್ ಮಾಡಿ. ವಾಟ್ಸಾಪ್‌ಗೆ ಹಾಕ್ತೀನಿ" ಅಂದರು.

ಪೂರ್ತಿ ನೋಡಿದೆ. 11 ನಿಮಿಷ. ಲಂಚದ ದೃಶ್ಯ 40 ಸೆಕೆಂಡ್ ಅಷ್ಟೆ. ಅದಕ್ಕೂ ಮೊದಲು ಇವರೇ ಎರಡು ಸಲ "ಏನಾದ್ರೂ ಕೊಡ್ತೀನಿ ಸಾರ್" ಅನ್ನುತ್ತಾರೆ. ಆತ ಇಸ್ಕೊಂಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಕತ್ತರಿಸಲು ನನ್ನ ಕೈ ಒಪ್ಪಲಿಲ್ಲ.

2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ತಳ್ಳುತ್ತಾರೆ ಅಂತ ಒಂದು ಚಾನೆಲ್ ಸ್ಟಿಂಗ್, ಅಂದರೆ ಗುಟ್ಟಾಗಿ ತೆಗೆದ ವಿಡಿಯೊ, ಪ್ರಸಾರ ಮಾಡಿತ್ತು. ರೊಚ್ಚಿಗೆದ್ದ ಜನ ಅವರ ಬಟ್ಟೆ ಹರಿದರು. ವಿದ್ಯಾರ್ಥಿನಿ ಅಂತ ತೋರಿಸಿದ್ದ ಹುಡುಗಿ ವಿದ್ಯಾರ್ಥಿನಿಯೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಹೆಣ್ಣುಮಗಳ ಮಾನ ಯಾರು ವಾಪಸ್ ಕೊಡುತ್ತಾರೆ?

ಹಾಗಂತ ಸ್ಟಿಂಗ್ ಎಲ್ಲ ಕೆಟ್ಟದ್ದು ಅನ್ನಲಾರೆ. ಅದೇ ವರ್ಷ ದೆಹಲಿಯ ಬಿಎಂಡಬ್ಲ್ಯು ಕಾರು ಅಪಘಾತದ ಕೇಸಿನಲ್ಲಿ, ಆರೋಪಿ ಪರ ವಕೀಲರು ಸಾಕ್ಷಿಯನ್ನು ಬುಟ್ಟಿಗೆ ಹಾಕಿಕೊಳ್ಳಲು ಹೊರಟಿದ್ದನ್ನು ಎನ್‌ಡಿಟಿವಿ ಗುಟ್ಟಾಗಿ ಚಿತ್ರಿಸಿ ತೋರಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಅದು ಜನರ ಹಿತಕ್ಕೇ ಆಗಿತ್ತು ಅಂದಿತು. ಆದರೆ ಹೈಕೋರ್ಟ್ ಆ ರೆಕಾರ್ಡಿಂಗ್ ಇದ್ದ ಮೂಲ ಚಿಪ್‌ಗಳನ್ನು ತರಿಸಿಕೊಳ್ಳದೆ ಕಾಪಿ ಇಟ್ಟುಕೊಂಡಿದ್ದು ಸರಿಯಲ್ಲ ಅಂತಲೂ ಹೇಳಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿಡಿಯೊ ಸಾಕ್ಷ್ಯದ ಜೊತೆ ಫೈಲಿನ ಹ್ಯಾಶ್ ಸಂಖ್ಯೆ (ಫೈಲಿನ ಬೆರಳಚ್ಚು ಇದ್ದ ಹಾಗೆ) ಬರೆದ ಸರ್ಟಿಫಿಕೇಟ್ ಕೊಡಬೇಕು. ಒಂದೇ ಒಂದು ಫ್ರೇಮ್ ತೆಗೆದರೂ ಆ ಸಂಖ್ಯೆ ಬದಲಾಗುತ್ತದೆ.

ಅಂಗಡಿಗೆ ಬಂದ ಈ ಹಳ್ಳಿಯವರ ಬಗ್ಗೆಯೇ ನನಗೆ ಜಾಸ್ತಿ ಭಯ ಇತ್ತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ಮೊದಲೇ ಲೋಕಾಯುಕ್ತಕ್ಕೆ ಹೋಗಿದ್ದರೆ ಅವರೇ ಮುಟ್ಟಿದವರ ಕೈಗೆ ಅಂಟುವ ಪುಡಿಯನ್ನು ನೋಟಿಗೆ ಹಚ್ಚಿ, ಸಾಕ್ಷಿಗೆ ಪಂಚರನ್ನು ಕರೆದುಕೊಂಡು ಬರುತ್ತಿದ್ದರು.

"ಎಂಟು ತಿಂಗಳು ಅಲೆಸಿದ್ದು ಬಲವಂತ ಅಲ್ವಾ ಅಣ್ಣ?" ಅಂದರು. ಕಣ್ಣು ತುಂಬಿತ್ತು. ಹೌದು ಅಂತಲೇ ನನಗೂ ಅನಿಸಿತು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮೊದಲಿಂದ ಕೇಳಿದೆ. ಮೂರನೇ ನಿಮಿಷದಲ್ಲಿ, ಫ್ಯಾನಿನ ಸದ್ದಿನ ನಡುವೆ, ಆ ನೌಕರನ ಮಾತು: "ಎಂಟು ತಿಂಗಳಿಂದ ಸುಮ್ನೆ ಬಂದು ಹೋದ್ರೆ ಫೈಲ್ ಮುಂದಕ್ಕೆ ಹೋಗುತ್ತಾ?" ಇವರು ಕಟ್ ಮಾಡಿ ಅಂದ ಭಾಗದಲ್ಲೇ ಇತ್ತು ಅದು.

ದುಡ್ಡು ಕೊಟ್ಟು ಎಷ್ಟು ದಿನ ಆಯ್ತು ಅಂತ ಕೇಳಿದೆ. ಐದು ದಿನ ಅಂದರು. ಮೊಬೈಲಿನಿಂದ ಏನನ್ನೂ ಅಳಿಸಬೇಡಿ ಅಂತ ಹೇಳಿ, ಪೂರ್ತಿ ವಿಡಿಯೊ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಮಾರನೇ ಬೆಳಗ್ಗೆ ಅಂಗಡಿ ಬಾಗಿಲು ಹಾಕಿ, ಅವರ ಜೊತೆ ಲೋಕಾಯುಕ್ತ ಕಚೇರಿಗೆ ಹೋದೆ.