ಹೊಲಿದು ಅಂಟಿಸುವ ಕಯಾಕ್: ಒಡಲು ಒಂದು ಹಂತಕ್ಕೆ ಬಂತು

ಹೋದ ಸಲ ಬರೆದಾಗ ಪ್ಲೈವುಡ್ ಹಾಳೆಗಳು ಇನ್ನೂ ಗೋಡೆಗೆ ಒರಗಿಕೊಂಡಿದ್ದವು. ಈಗ ಅದೇ ಜಾಗದಲ್ಲಿ 5.2 ಮೀಟರ್ ಉದ್ದದ ಕಯಾಕಿನ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಯ ಒಡಲು ಎರಡು ಸ್ಟ್ಯಾಂಡ್‌ಗಳ ಮೇಲೆ ಕೂತಿದೆ. ಡೆಕ್ಕು, ಅಂದರೆ ಮೇಲಿನ ಮುಚ್ಚಿಗೆ ಇಲ್ಲ, ಸೀಟು ಇಲ್ಲ. ಆದರೆ ನೋಡಿದವರು ಯಾರೂ ಇದೇನು ಅಂತ ಕೇಳುವುದಿಲ್ಲ. ಇದು ದೋಣಿ ಅಂತ ಗೊತ್ತಾಗುತ್ತದೆ.

ಹೊಸದಾಗಿ ಓದುವವರಿಗೆ ವಿಧಾನ ಹೇಳಿಬಿಡುತ್ತೇನೆ. ಪ್ಲೈವುಡ್ಡನ್ನು ಲೆಕ್ಕಾಚಾರದ ಬಾಗಿನಲ್ಲಿ ಕತ್ತರಿಸಬೇಕು. ಅಂಚಿನಲ್ಲಿ ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯಬೇಕು. ಆಮೇಲೆ ಸಂದಿಗಳನ್ನು ಎಪಾಕ್ಸಿ ಎಂಬ ಗಟ್ಟಿ ಅಂಟು ಮತ್ತು ಫೈಬರ್‌ಗ್ಲಾಸ್ ಬಟ್ಟೆಯಿಂದ ಬೆಸೆದು ತಂತಿ ಕಿತ್ತುಹಾಕಬೇಕು. ಅಚ್ಚು ಬೇಕಿಲ್ಲ, ಹಲಗೆ ಕತ್ತರಿಸಿದ ಗೆರೆಯೇ ಅಚ್ಚು. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ ಮಿರರ್ ಎಂಬ ಪುಟ್ಟ ಹಾಯಿದೋಣಿಯಿಂದ ಈ ವಿಧಾನ ತುಂಬಾ ಜನಕ್ಕೆ ಪರಿಚಯವಾಯಿತು. ಹೊಲಿಗೆ ಮಾತ್ರ ಕಯಾಕಿಗೆ ಹೊಸದಲ್ಲ. ಆರ್ಕ್ಟಿಕ್‌ನ ಇನ್ಯುಯಿಟ್ ಜನ ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದೇ ಕಯಾಕ್ ಮಾಡುತ್ತಿದ್ದರು.

ಹಲಗೆ ಜೋಡಿಸಿದ್ದು

ಪ್ಲೈವುಡ್ ಹಾಳೆ ಬರುವುದೇ 2.44 ಮೀಟರ್ ಉದ್ದ. ದೋಣಿ ಅದರ ಎರಡರಷ್ಟಕ್ಕಿಂತ ಜಾಸ್ತಿ. ಹಾಗಾಗಿ ತುಂಡುಗಳನ್ನು ಉದ್ದಕ್ಕೆ ಜೋಡಿಸಲೇಬೇಕು. ಇಳಿಜಾರಾಗಿ ಕೆತ್ತಿ ಒಂದರ ಮೇಲೊಂದು ಕೂರಿಸುವ ಸ್ಕಾರ್ಫ್ ಜೋಡಣೆ ಮಾಡಿದೆ. ದಪ್ಪದ ಎಂಟು ಪಟ್ಟು ಇಳಿಜಾರು, ಅಂದರೆ 4 ಮಿಲಿಮೀಟರ್ ಹಲಗೆಗೆ 32 ಮಿಲಿಮೀಟರ್.

ನಾಲ್ಕು ಹಲಗೆಗಳನ್ನು ಮೆಟ್ಟಿಲಿನ ಹಾಗೆ 32 ಮಿಲಿಮೀಟರ್ ಹಿಂದೆ ಹಿಂದೆ ಸರಿಸಿ ಪೇರಿಸಿ, ಒಟ್ಟಿಗೇ ಹತ್ತರಿ ಹೊಡೆದೆ. ಪ್ಲೈವುಡ್ಡಿನ ಒಳಗಿನ ಪದರಗಳು ಇಲ್ಲಿ ತಾವೇ ದಾರಿ ತೋರಿಸುತ್ತವೆ. ಇಳಿಜಾರು ಸರಿಯಿದ್ದರೆ ಪದರಗಳ ಅಂಟಿನ ಗೆರೆಗಳು ನೇರವಾಗಿ, ಒಂದಕ್ಕೊಂದು ಸಮನಾಗಿ ಕಾಣುತ್ತವೆ. ಎಲ್ಲಿ ಗೆರೆ ಬಾಗಿತೋ ಅಲ್ಲಿ ಹತ್ತರಿ ಜಾಸ್ತಿ ತಿಂದಿದೆ ಅಂತ ಅರ್ಥ. ಆ ಗೆರೆಗಳನ್ನೇ ನೋಡಿಕೊಂಡು ಕೈ ತಿದ್ದಿಕೊಂಡೆ. ಇಷ್ಟು ಚೆಂದದ ಅಳತೆಗೋಲು ಮರದೊಳಗೇ ಇರುತ್ತದೆ ಅಂತ ಗೊತ್ತಿರಲಿಲ್ಲ.

ತಂತಿ, ಮತ್ತೆ ತಂತಿ

ತೂತುಗಳು ಅಂಚಿನಿಂದ 10 ಮಿಲಿಮೀಟರ್ ಒಳಗೆ, ಒಂದರಿಂದ ಒಂದಕ್ಕೆ 10 ಸೆಂಟಿಮೀಟರ್ ದೂರ. ಅಡಿಭಾಗದ ಎರಡು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಮಧ್ಯದ ಅಂಚನ್ನು ಹೊಲಿದು, ಪುಸ್ತಕ ತೆರೆದ ಹಾಗೆ ಬಿಡಿಸಿದೆ. ಪಕ್ಕದ ಹಲಗೆಗಳನ್ನು ಸೇರಿಸುತ್ತಾ ಹೋದಂತೆ ಸಪಾಟಾಗಿದ್ದ ಮರ ತಾನಾಗಿಯೇ ಬಾಗಿ ಮೇಲೆದ್ದಿತು. ಇಕ್ಕಳದಲ್ಲಿ ತಂತಿ ತಿರುವುತ್ತಾ ಇದ್ದವನು ಕೆಲಸ ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತೆ.

ಸಂಜೆಗೆ ಹೊಲಿಗೆ ಮುಗಿಯಿತು. ಅವತ್ತೇ ಎಪಾಕ್ಸಿ ಕಲಸುವ ಆಸೆಯಿತ್ತು. ಆದರೂ ತಿರುಚು ನೋಡದೆ ಮುಂದೆ ಹೋಗಬಾರದು ಅಂತ ಎರಡು ನೇರ ಪಟ್ಟಿಗಳನ್ನು ತಂದೆ. ಒಂದನ್ನು ಮುಂದಿನ ಅಡ್ಡಗೋಡೆಯ (ಒಡಲಿನೊಳಗೆ ಅಡ್ಡಲಾಗಿ ನಿಲ್ಲಿಸುವ ಹಲಗೆಯ) ಹತ್ತಿರ, ಇನ್ನೊಂದನ್ನು ಹಿಂದಿನದರ ಹತ್ತಿರ ದೋಣಿಗೆ ಅಡ್ಡಲಾಗಿ ಇಟ್ಟೆ. ತುದಿಯಲ್ಲಿ ಮಂಡಿಯೂರಿ ಒಂದು ಕಣ್ಣು ಮುಚ್ಚಿ ನೋಡಿದರೆ ಎರಡೂ ಪಟ್ಟಿಗಳು ಒಂದೇ ಗೆರೆಯಾಗಿ ಕಾಣಬೇಕು. ನನಗೆ ಕಂಡದ್ದು ಕತ್ತರಿಯ ಬಾಯಿ. ಒಂದು ಕಡೆ 6 ಮಿಲಿಮೀಟರ್ ಎತ್ತರ.

ಬರೀ ಕಣ್ಣಿಗೆ ದೋಣಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ತಿರುಚಿದ ಒಡಲು ನೇರ ಹೋಗುವುದಿಲ್ಲ. ಪ್ರತಿ ಸಲ ಒಂದೇ ಕಡೆ ಎಳೆಯುತ್ತದೆ, ಹುಟ್ಟು ಹಾಕುವವರು ಅದರ ಬದುಕಿಡೀ ತಿದ್ದುತ್ತಲೇ ಇರಬೇಕು. ಹುಡುಕಿದಾಗ ಕಾರಣ ಸಿಕ್ಕಿತು. ಹಿಂಭಾಗದಲ್ಲಿ ಎಡಗಡೆಯ ಹಲಗೆ ಬಲಗಡೆಯದಕ್ಕಿಂತ ಸ್ವಲ್ಪ ಹಿಂದೆ ಜಾರಿತ್ತು. ಒಂದು ತುದಿಯಿಂದ ಹೊಲಿಯುತ್ತಾ ಬಂದಿದ್ದೆ. ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಇನ್ನೊಂದು ತುದಿಗೆ ಹೋಗಿ ಸೇರಿಕೊಂಡಿದ್ದವು.

ಮೂವತ್ತಕ್ಕೂ ಹೆಚ್ಚು ತಂತಿ ಕತ್ತರಿಸಿ ತೆಗೆದೆ. ಈ ಸಲ ಮಧ್ಯದಿಂದ ಶುರುಮಾಡಿ, ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ತುದಿಗಳ ಕಡೆ ಹೋದೆ. ಮೊದಲು ಎಲ್ಲವನ್ನೂ ಸಡಿಲವಾಗಿ ಬಿಟ್ಟು, ಆಮೇಲೆ ಒಂದೊಂದಾಗಿ ಬಿಗಿ ಮಾಡಿದೆ. ಎರಡು ಸಂಜೆ ಹಿಡಿಯಿತು. ಕೊನೆಗೆ ಎರಡು ಪಟ್ಟಿಗಳೂ ಒಂದರ ಹಿಂದೊಂದು ಅಡಗಿ ಒಂದೇ ಗೆರೆ ಕಂಡಾಗ ಆದ ಖುಷಿ ಹೇಳತೀರದು. ಈ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇದೊಂದೇ: ಸಮಯ ಕೊಡುವುದಾದರೆ ತಂತಿಗೆ ಕೊಡಿ. ತಂತಿ ಇರುವವರೆಗೆ ಎಲ್ಲವನ್ನೂ ಬಿಚ್ಚಬಹುದು. ಎಪಾಕ್ಸಿ ಬಿದ್ದಮೇಲೆ ಆಗುವುದಿಲ್ಲ.

ಎಪಾಕ್ಸಿ

ನಾನು ತಂದದ್ದು ಎರಡು ಪಾಲು ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಒಂದು ಪಾಲು ಬೆರೆಸುವಂಥದ್ದು. ಅಳತೆ ತಪ್ಪಿದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವುದಂತೂ ತಪ್ಪೇ ತಪ್ಪು. ಇನ್ನೊಂದು ವಿಷಯ ನನ್ನ ಅನುಭವಕ್ಕೇ ಬಂತು. ಬೆರೆಸಿದ್ದನ್ನು ಆಳವಾದ ಲೋಟದಲ್ಲೇ ಬಿಟ್ಟು ಬ್ರಷ್ ಹುಡುಕಲು ಹೋಗಿದ್ದೆ. ಬಂದು ನೋಡಿದರೆ ಲೋಟ ಮುಟ್ಟಲಾಗದಷ್ಟು ಬಿಸಿ, ಸಣ್ಣಗೆ ಹೊಗೆ ಬೇರೆ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಒಂದೇ ಕಡೆ ಗುಡ್ಡೆಯಾಗಿದ್ದರೆ ಆ ಶಾಖಕ್ಕೆ ಹೋಗಲು ದಾರಿಯಿಲ್ಲ, ಅದು ಗಟ್ಟಿಯಾಗುವ ವೇಗವನ್ನೇ ಇನ್ನಷ್ಟು ಹೆಚ್ಚಿಸುತ್ತದೆ. ಈಗ ಬೆರೆಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿಯುತ್ತೇನೆ, ಒಂದು ಸಲಕ್ಕೆ ಸ್ವಲ್ಪವೇ ಕಲಸುತ್ತೇನೆ.

ಮೊದಲು ತಂತಿಗಳ ನಡುವೆ ಮಾತ್ರ ಅಲ್ಲಲ್ಲಿ ಅಂಟಿಸಿದೆ. ಮಾರನೇ ದಿನ ತಂತಿ ಕಿತ್ತು, ಮರದ ಹುಡಿ ಬೆರೆಸಿದ ಎಪಾಕ್ಸಿಯನ್ನು ಒಳಸಂದಿಯ ಉದ್ದಕ್ಕೂ ತುಂಬಿ ದುಂಡನೆಯ ಕಡ್ಡಿಯಿಂದ ಎಳೆದೆ. ಹದ ಗೊತ್ತಾಗುವುದು ಹೀಗೆ: ಕಡ್ಡಿಯಲ್ಲಿ ಎತ್ತಿ ತಲೆಕೆಳಗು ಮಾಡಿದರೆ ಜಾರಬಾರದು. ಅದು ಪೂರ್ತಿ ಒಣಗುವ ಮುಂಚೆಯೇ ಮೇಲೆ ಬಟ್ಟೆ ಹಾಸಿದೆ. ಹಾಗೆ ಮಾಡಿದರೆ ನಡುವೆ ಉಜ್ಜುವ ಕೆಲಸ ತಪ್ಪುತ್ತದೆ.

ಹೊರಗಡೆಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ. ಹೊದಿಸುವ ಮೊದಲು ಚೂಪು ಮೂಲೆಗಳನ್ನೆಲ್ಲ ದುಂಡಗೆ ಮಾಡಿಕೊಂಡೆ. ಚೂಪು ಅಂಚಿನ ಮೇಲೆ ಬಟ್ಟೆ ಕೂರುವುದಿಲ್ಲ, ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಳ್ಳಗಿದ್ದ ಬಟ್ಟೆ ಎಪಾಕ್ಸಿ ತಾಗಿದ ಕಡೆ ಕರಗಿದ ಹಾಗೆ ಮಾಯವಾಗಿ, ಕೆಳಗಿನಿಂದ ಮರದ ಬಣ್ಣ ಗಾಢವಾಗಿ ಎದ್ದು ಬರುತ್ತದೆ. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಇನ್ನೂ ಕುಡಿದಿಲ್ಲ ಅಂತ ಲೆಕ್ಕ.

ಮಾರನೇ ದಿನ ಮೈಮೇಲೆ ಮೇಣದಂಥ ತೆಳು ಪೊರೆ ಇತ್ತು. ಉಜ್ಜುವ ಮೊದಲು ಅದನ್ನು ನೀರಿನಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ಮುಂದಿನ ಕೋಟು ಸರಿಯಾಗಿ ಹಿಡಿಯುವುದಿಲ್ಲ. ಗ್ಲೌಸು, ಮಾಸ್ಕು ಇಲ್ಲದೆ ಒಂದು ನಿಮಿಷವೂ ಈ ಕೆಲಸ ಬೇಡ. ಎಪಾಕ್ಸಿ ಅಲರ್ಜಿ ಒಮ್ಮೆ ಬಂದರೆ ಮತ್ತೆ ಹೋಗುವುದು ಕಷ್ಟ.

ಮುಂದೆ

ಡೆಕ್ಕು ಕೂರುವ ಉದ್ದನೆಯ ಮರದ ಪಟ್ಟಿಗಳನ್ನು ಹೊಲಿಯುವ ಮೊದಲೇ ಪಕ್ಕದ ಹಲಗೆಗಳಿಗೆ ಅಂಟಿಸಿದ್ದೆ. ಡೆಕ್ಕು ಕಮಾನಿನಂತೆ ಬಾಗುವುದರಿಂದ ಆ ಪಟ್ಟಿಗಳ ತಲೆಯನ್ನೂ ಅದೇ ಓರೆಗೆ ಕೆತ್ತಬೇಕು. ಓರೆ ಎಲ್ಲ ಕಡೆ ಒಂದೇ ಅಲ್ಲ, ಮಧ್ಯದಿಂದ ತುದಿಗೆ ಹೋಗುತ್ತಾ ಬದಲಾಗುತ್ತದೆ. ಅದಕ್ಕೆ ರಟ್ಟಿನಲ್ಲಿ ಮೂರು ಕಮಾನು ಕತ್ತರಿಸಿಕೊಂಡಿದ್ದೇನೆ. ಬಲಗಡೆ ಅರ್ಧ ಕೆತ್ತಿಯಾಗಿದೆ. ಹತ್ತರಿಯ ಅಲಗು ಮಸೆದು ಇಟ್ಟಿದ್ದೇನೆ, ನಾಳೆ ಬೆಳಗ್ಗೆ ಎಡಗಡೆ.