ಬಿಳಿ ಕಾಗದದ ಮೇಲೆ ಬಿಳಿ ಹಿಮ

ಕ್ರಿಸ್‌ಮಸ್ ಕಾರ್ಡ್ ಅಂದ ತಕ್ಷಣ ಎಲ್ಲರ ಕಣ್ಣಿಗೂ ಕೆಂಪು, ಹಸಿರು, ಮೇಲೊಂದಿಷ್ಟು ಮಿನುಗುಪುಡಿ ಬರುತ್ತದೆ. ನಾನು ಮಾಡುವ ಕಾರ್ಡಿನಲ್ಲಿ ಅದ್ಯಾವುದೂ ಇರುವುದಿಲ್ಲ. ಬಿಳಿ ಕಾಗದದ ಮೇಲೆ ಬಿಳಿ ಕಾಗದದ ಹಿಮದ ಹರಳು, ಅಷ್ಟೇ. ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಒಂದು ಊರಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಮೇಲೆ ಮನೆಯಲ್ಲಿ ಉಳಿಯುವುದು ಮೂಲೆಯ ದೀಪದ ಓರೆ ಬೆಳಕು. ಆ ಬೆಳಕಲ್ಲಿ ಕಾರ್ಡ್ ನಿಲ್ಲಿಸಿದರೆ, ಕತ್ತರಿಸಿದ ಅಂಚಿನ ನೆರಳು ಕೆಳಗಿನ ಕಾಗದದ ಮೇಲೆ ಬೀಳುತ್ತದೆ. ಚಿತ್ರ ಬರೆಯುವುದು ಆ ನೆರಳೇ. ಬಣ್ಣ ಹಾಕಿದರೆ ಕಣ್ಣು ಬಣ್ಣದ ಹಿಂದೆ ಹೋಗುತ್ತದೆ, ನೆರಳನ್ನು ಯಾರೂ ನೋಡುವುದಿಲ್ಲ.

ನೆರಳು ಚೆನ್ನಾಗಿ ಬೀಳಬೇಕಾದರೆ ಅಂಚು ಚೊಕ್ಕ ಇರಬೇಕು. ಇಷ್ಟು ಸಣ್ಣ ಕೆಲಸ ಕತ್ತರಿಗೆ ಆಗುವ ಮಾತಲ್ಲ. ಅದಕ್ಕೇ ಡೈ ಬೇಕು. ತೆಳ್ಳನೆಯ ಲೋಹದ ತಗಡು, ಅದರ ಒಂದು ಮುಖಕ್ಕೆ ಹರಿತವಾದ ಅಲಗು. ನನ್ನ ಹತ್ತಿರ ಇರುವುದು ಸಿಜಿಕ್ಸ್ ಬಿಗ್ ಶಾಟ್, ಕೈಯಲ್ಲಿ ಹಿಡಿಕೆ ತಿರುಗಿಸುವ ಮಷೀನು. ಒಳಗೆ ಎರಡು ರೋಲರ್. ಪ್ಲಾಸ್ಟಿಕ್ ಪ್ಲೇಟಿನ ಮೇಲೆ ಕಾಗದ, ಕಾಗದದ ಮೇಲೆ ಅಲಗು ಕೆಳಮುಖವಾಗಿರುವ ಹಾಗೆ ಡೈ, ಅದರ ಮೇಲೆ ಇನ್ನೊಂದು ಪ್ಲೇಟು. ಎಲ್ಲವನ್ನೂ ಒಟ್ಟಿಗೆ ರೋಲರ್ ನಡುವೆ ದಾಟಿಸುವುದು. ಪ್ಲೇಟು ಚಟಚಟ ಅನ್ನುತ್ತದೆ, ಹೊಸಬರು ಹೆದರುತ್ತಾರೆ. ಏನೂ ಆಗುವುದಿಲ್ಲ.

ಕಂಪ್ಯೂಟರಿಗೆ ಜೋಡಿಸಿ ಬ್ಲೇಡಿನಿಂದ ಕತ್ತರಿಸುವ ಮಷೀನುಗಳು ಈಗ ಬೇಕಾದಷ್ಟಿವೆ. ಮನಸ್ಸಿಗೆ ಬಂದ ಡಿಸೈನ್ ಕತ್ತರಿಸಬಹುದು, ಒಳ್ಳೆಯದೇ. ಆದರೂ ಈ ಕೆಲಸಕ್ಕೆ ನನಗೆ ಡೈಯೇ ಬೇಕು. ಬ್ಲೇಡು ಕಾಗದವನ್ನು ಸೀಳಿಕೊಂಡು ಹೋಗುತ್ತದೆ, ಡೈ ಒತ್ತಿ ಕತ್ತರಿಸುತ್ತದೆ. ಒತ್ತಿದ ಕಡೆ ಅಂಚು ಒಂಚೂರು ಬಾಗಿ ದುಂಡಗಾಗುತ್ತದೆ. ಬೆರಳು ಸವರಿದರೆ ಗೊತ್ತಾಗುತ್ತದೆ. ಬೆಳಕು ಆ ದುಂಡಂಚಿನ ಮೇಲೆ ಜಾರಿ ಇಳಿಯುವುದರಿಂದ ನೆರಳು ಮೆತ್ತಗೆ ಬೀಳುತ್ತದೆ.

ಹುಬ್ಬಳ್ಳಿಯಲ್ಲಿ ನಮ್ಮ ಮಾಮಾನ ಪ್ರೆಸ್ ಇತ್ತು. ಟ್ರೆಡಲ್ ಅನ್ನುವ ಅಚ್ಚಿನ ಮಷೀನಿನ ಮೇಲೆ ಮದುವೆ ಕಾರ್ಡಿನ ಲಕೋಟೆ ಕಟ್ ಮಾಡುತ್ತಿದ್ದರು. ಪ್ಲೈವುಡ್ಡಿನಲ್ಲಿ ಸಣ್ಣ ಸೀಳು ಮಾಡಿ, ಅದರೊಳಗೆ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂರಿಸಿದ ಡೈ ಅದು. ಕಟ್ ಆಗುವ ಕಡೆ ಹರಿತವಾದ ಪಟ್ಟಿ, ಮಡಿಕೆ ಬೀಳುವ ಕಡೆ ಮೊಂಡು ಪಟ್ಟಿ. ಆಚೀಚೆ ರಬ್ಬರ್ ತುಂಡುಗಳು, ಕಟ್ ಆದ ಕಾಗದವನ್ನು ಹೊರಗೆ ತಳ್ಳುವುದಕ್ಕೆ. ಯಾವುದೋ ಮೂಲೆ ಕಟ್ ಆಗದೆ ಉಳಿದರೆ ಮಾಮಾ ಡೈಯನ್ನು ಮುಟ್ಟುತ್ತಿರಲಿಲ್ಲ. ಆ ಜಾಗದ ಹಿಂದೆ ತೆಳು ಕಾಗದದ ಚೂರು ಅಂಟಿಸುತ್ತಿದ್ದರು. “ಒತ್ತು ಕಡಿಮಿ ಬಿದ್ದದ. ಪ್ಯಾಕಿಂಗ್ ಹಚ್ಚಬೇಕವಾ” ಅನ್ನೋರು. ಡೈಯ ಕೆಲಸವೆಲ್ಲ ಒತ್ತಿನ ಕೆಲಸ ಅಂತ ನನಗೆ ಗೊತ್ತಾಗಿದ್ದು ಅಲ್ಲಿ, ಆ ಮಸಿ ವಾಸನೆಯ ಕೋಣೆಯಲ್ಲಿ.

ಇಲ್ಲೂ ಅದೇ ವಿದ್ಯೆ ನಡೆಯುತ್ತದೆ. ಹಿಮದ ಹರಳಿನ ಡೈ ಅಂದರೆ ಸುಲಭದ ಡೈ ಅಲ್ಲ. ತೋಳಿಗೆ ಕವಲು, ಕವಲಿಗೆ ಮತ್ತೆ ಕವಲು, ನಡುವೆ ಸಾಸಿವೆಯಷ್ಟು ಸಣ್ಣ ತೂತುಗಳು. ಮೊದಲು ಕಾಗದ ಮತ್ತು ಡೈ ನಡುವೆ ವ್ಯಾಕ್ಸ್ ಪೇಪರ್ ಇಡುತ್ತೇನೆ, ಕಟ್ ಆದದ್ದು ಸಲೀಸಾಗಿ ಬಿಡುತ್ತದೆ. ಡೈ ಜರುಗದಂತೆ ಸುಲಭವಾಗಿ ಏಳುವ ಟೇಪಿನ ತುಂಡು ಹಚ್ಚುತ್ತೇನೆ. ಮೇಲಿನ ಪ್ಲೇಟಿನ ಜೊತೆ ಸಾದಾ ಹಾಳೆಯೊಂದನ್ನು ಸೇರಿಸುತ್ತೇನೆ, ಅದೇ ನಮ್ಮ ಮಾಮಾನ ಪ್ಯಾಕಿಂಗು. ಒಮ್ಮೆ ಆಚೆ ದಾಟಿಸಿ, ಡೈ ಅಲುಗಿಸದೆ ಮತ್ತೆ ಈಚೆ ತರುತ್ತೇನೆ. ಚೌಕಟ್ಟಿನ ಡೈ ಆದರೆ ಸ್ವಲ್ಪ ಓರೆಯಾಗಿ ಇಡಬೇಕು. ನೆಟ್ಟಗೆ ಇಟ್ಟರೆ ಉದ್ದನೆಯ ಅಲಗು ಪೂರ್ತಿ ಒಂದೇ ಸಲ ರೋಲರಿಗೆ ಸಿಕ್ಕಿ ಹಿಡಿಕೆ ತಿರುಗುವುದೇ ಕಷ್ಟ. ಪ್ಲೇಟು ಬಳಸಿ ಬಳಸಿ ಬಾಗುತ್ತದೆ, ಆಗಾಗ ಮಗುಚಿ ಹಾಕುತ್ತಿದ್ದರೆ ನೆಟ್ಟಗಿರುತ್ತದೆ.

ಆಮೇಲೆ ಡೈಯಿಂದ ಕಾಗದ ಬಿಡಿಸುವುದು. ಡೈಯ ಬೆನ್ನಿನಲ್ಲಿ ಸಣ್ಣ ಕಿಂಡಿಗಳಿರುತ್ತವೆ, ಸೂಜಿಮೊನೆಯಿಂದ ಅಲ್ಲಲ್ಲಿ ಮೆಲ್ಲಗೆ ತಳ್ಳಿದರೆ ಹರಳು ಮೇಲೇಳುತ್ತದೆ. ತೋಳಿನ ತುದಿಯಿಂದ ಎತ್ತಬಾರದು, ನಡುವಿನಿಂದ ಎತ್ತಬೇಕು. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟದ ಗಳಿಗೆ ಇದು. ಮೇಜಿನ ಮೇಲೆ ತೂತುಗಳಿಂದ ಉದುರಿದ ಬಿಳಿ ಚೂರು, ಕೈಯಲ್ಲಿ ಉಸಿರು ಬಿಟ್ಟರೂ ನಡುಗುವಷ್ಟು ಹಗುರದ ಹರಳು. ಒಂದೇ ಪದರ ಸಾಲುವುದಿಲ್ಲ. ಒಂದೇ ಡೈಯಲ್ಲಿ ಮೂರು ಕಟ್ ಮಾಡಿ, ಅಂಚಿಗೆ ಅಂಚು ಕೂಡಿಸಿ ಒಂದರ ಮೇಲೊಂದು ಅಂಟಿಸಿದರೆ ದಪ್ಪ ಬರುತ್ತದೆ. ಸೂಜಿಬಾಯಿಯ ಬಾಟಲಿಯಿಂದ ಅಂಟು, ಚುಕ್ಕೆ ಚುಕ್ಕೆಯಾಗಿ. ಜಾಸ್ತಿ ಹಾಕಿದರೆ ಒತ್ತಿದಾಗ ಪಕ್ಕಕ್ಕೆ ಹರಿದು ಹೊಳೆಯುತ್ತದೆ.

ಕಾರ್ಡಿಗೆ 110 ಪೌಂಡಿನ ದಪ್ಪ ಕಾಗದ, ನಮ್ಮ ಲೆಕ್ಕದಲ್ಲಿ ಸುಮಾರು 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು. ಹರಳಿಗೆ 80 ಪೌಂಡಿನದು ಸಾಕು. ಇಲ್ಲಿಯ ಲೆಟರ್ ಸೈಜ್ ಹಾಳೆಯನ್ನು ಅರ್ಧ ಮಾಡಿ ಮಡಿಸಿದರೆ ನಾಲ್ಕೂಕಾಲು ಇಂಚು ಅಗಲ, ಐದೂವರೆ ಇಂಚು ಉದ್ದದ ಕಾರ್ಡು ಆಗುತ್ತದೆ. ಅದಕ್ಕೆ ಲಕೋಟೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಒಂದು ವಿಷಯದಲ್ಲಿ ನಾನು ಹಟಮಾರಿ. ಅಂಗಡಿಯಲ್ಲಿ ಎಂಟು ತೋಳಿನ ಹಿಮದ ಹರಳಿನ ಡೈ ಸಿಗುತ್ತದೆ, ಅದನ್ನು ನಾನು ಕೊಳ್ಳುವುದಿಲ್ಲ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲೇ ಕೂರುತ್ತವೆ. ಅದಕ್ಕೇ ಹರಳಿಗೆ ಆರು ತೋಳು. ಅಪರೂಪಕ್ಕೆ ಎರಡು ಹರಳು ಕೂಡಿ ಹನ್ನೆರಡು ಆಗುತ್ತವೆ, ಎಂಟು ಆಗುವುದಿಲ್ಲ. ಮೋಡದೊಳಗೆ ಸೊನ್ನೆಗಿಂತ ಸುಮಾರು 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಇದ್ದಾಗ ಕವಲೊಡೆದ ಚೆಂದದ ಹರಳು ಬೆಳೆಯುತ್ತದೆ. ಅಂಥ ದಿನ ಕಪ್ಪು ಕೋಟಿನ ತೋಳು ಚಾಚಿ ನಿಂತರೆ ಬರಿಗಣ್ಣಿಗೇ ಕಾಣುತ್ತದೆ. ಒಮ್ಮೆ ನೋಡಿದವರಿಗೆ ಎಂಟು ತೋಳಿನದನ್ನು ಅಂಟಿಸಲು ಕೈ ಬರುವುದಿಲ್ಲ.

ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಅನ್ನುವ ಊರಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತ ಇದ್ದ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ 1885ರ ಜನವರಿ 15ರಂದು ಹಿಮದ ಹರಳಿನ ತನ್ನ ಮೊದಲ ಫೋಟೊ ತೆಗೆದ. 1931ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಐದು ಸಾವಿರಕ್ಕೂ ಹೆಚ್ಚು ಫೋಟೊ ತೆಗೆದಿದ್ದ. ಬಿಳಿ ಹರಳು ಬಿಳಿ ಹಿನ್ನೆಲೆಯಲ್ಲಿ ಎದ್ದು ಕಾಣುವುದಿಲ್ಲ ಅಲ್ವಾ? ಅದಕ್ಕೆ ನೆಗೆಟಿವ್‌ನ ಪ್ರತಿ ಮಾಡಿಕೊಂಡು, ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಹಾಗೆ ಮಾಡಿದರೆ ಪ್ರಿಂಟಿನಲ್ಲಿ ಸುತ್ತಲೂ ಕಪ್ಪಾಗುತ್ತಿತ್ತು. ಪ್ರತಿ ಕವಲಿನ ಸುತ್ತ ಕೈಯಲ್ಲೇ! ಡೈ ಕೊಳ್ಳುವಾಗ ಅವನ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಆರಿಸುತ್ತೇನೆ.

ಅಂಗಡಿಯಲ್ಲಿ ಮಾರಿದ ಮೊದಲ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ್ದು. ಒಂದಕ್ಕೆ ಒಂದು ಶಿಲಿಂಗ್. ಮೂರು ವರ್ಷ ಮುಂಚೆ ಬ್ರಿಟನ್ನಿನಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಪತ್ರ ಕಳಿಸುವ ಅಂಚೆ ಶುರುವಾಗಿತ್ತು, ಅದರ ಕೆಲಸದಲ್ಲೂ ಕೋಲ್ ಇದ್ದ. ಅಂಚೆ ಅಗ್ಗವಾದ ಮೇಲೇ ಕಾರ್ಡು ಬಂದಿದ್ದು. ಈಗಲೂ ನನ್ನ ಕಾರ್ಡಿನ ಆಕಾರ ತೀರ್ಮಾನ ಮಾಡುವುದು ಅಂಚೆಯೇ. ಚೌಕ ಲಕೋಟೆಯಾದರೆ, ಒಳಗೆ ಉಬ್ಬುತಗ್ಗು ಇದ್ದರೆ ಇಲ್ಲಿ ಜಾಸ್ತಿ ಅಂಚೆಚೀಟಿ ಹಚ್ಚಬೇಕು. ಅದಕ್ಕೇ ಮುತ್ತು, ಗುಂಡಿ, ದಪ್ಪ ಫೋಮ್ ಟೇಪು ಯಾವುದೂ ಬೇಡ. ಕಾಗದದ ಮೂರು ಪದರ ಚಪ್ಪಟೆಯಾಗಿಯೇ ಇರುತ್ತದೆ.

ಎಲ್ಲ ಮನೆಗೂ ಹಿಮದ ಹರಳೇ ಹೋಗುವುದಿಲ್ಲ. ಎದುರು ಮನೆಯವರು ಯಹೂದಿಗಳು, ಅವರಿಗೆ ಅವರ ಹನುಕ್ಕಾ ಹಬ್ಬದ ದೀಪದ ಕಂಬ. ಎಂಟು ದಿನಕ್ಕೆ ಎಂಟು ದೀಪ, ಹಚ್ಚುವುದಕ್ಕೆ ಒಂದು, ಒಟ್ಟು ಒಂಬತ್ತು. ಆ ಹಬ್ಬವೂ ಚಂದ್ರನ ಲೆಕ್ಕದ್ದು, ನಮ್ಮ ದೀಪಾವಳಿಯ ಹಾಗೆ ವರ್ಷ ವರ್ಷ ತಾರೀಖು ಬದಲಾಗುತ್ತದೆ. ನೋಡಿಕೊಂಡು ಮೊದಲು ಅವರದ್ದೇ ಮುಗಿಸುತ್ತೇನೆ.

ಊರಿಗೆ ಹೋಗುವುದು ಸಂಕ್ರಾಂತಿ ಕಾರ್ಡು. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಸಂಕ್ರಾಂತಿಗೆ ಶುಭಾಶಯದ ಕಾರ್ಡು ಕಳಿಸುವುದು ಜೋರು. ಒಳಗೆ ನಾಕು ಕಾಳು ಕುಸುರೆಳ್ಳು ಇಟ್ಟು ಅಂಟಿಸುತ್ತಿದ್ದರು. ತೆಗೆಯುವಷ್ಟರಲ್ಲಿ ಅರ್ಧ ಪುಡಿಯಾಗಿರುತ್ತಿತ್ತು, ಆ ಪುಡಿಯನ್ನೂ ನೆಕ್ಕುತ್ತಿದ್ದೆವು. ಈಗ ಯಾರೂ ಕಳಿಸುವುದಿಲ್ಲ, ಎಲ್ಲ ಫೋನಿನಲ್ಲೇ. ನನಗೆ ಬೇಜಾರಿರುವುದು ಇದೊಂದಕ್ಕೇ. ಹೀಗಾಗಿ ಅತ್ತೆಗೆ, ಮಾಮಾಗೆ, ಚಿಕ್ಕಮ್ಮಂದಿರಿಗೆ ನಾನು ಕಳಿಸುತ್ತೇನೆ. ಮುಂದೆ ಬಿಳಿ ಕಬ್ಬಿನ ಜಲ್ಲೆಗಳು. ಉದ್ದನೆಯ ಹುಲ್ಲಿನ ಡೈಯಲ್ಲಿ ಎಲೆ ಬರುತ್ತದೆ, ಗಿಣ್ಣನ್ನು ಮೊಂಡು ಕಡ್ಡಿಯಿಂದ ಒತ್ತಿ ಮೂಡಿಸಬಹುದು. ಕಾರ್ಡು, ಲಕೋಟೆ ಎಲ್ಲ ಸೇರಿ ಒಂದು ಔನ್ಸ್, ಅಂದರೆ 28 ಗ್ರಾಂ ದಾಟದಿದ್ದರೆ ಹೊರದೇಶದ ಕಾಗದಕ್ಕೆ ಹಚ್ಚುವ ಇಲ್ಲಿಯ ‘ಗ್ಲೋಬಲ್ ಫಾರೆವರ್’ ಅಂಚೆಚೀಟಿ ಒಂದೇ ಸಾಕು, ಹುಬ್ಬಳ್ಳಿ ತಲುಪುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಅಂಟಿಸುತ್ತೇನೆ.

ಈ ವರ್ಷ ಶುರು ಮಾಡುವವರಿದ್ದರೆ ಒಂದು ಮಾತು. ಡೈಗಳ ದೊಡ್ಡ ಸೆಟ್ಟಿಗೆ ದುಡ್ಡು ಹಾಕಬೇಡಿ. ಅಂಗೈಯಗಲದ, ಆರು ತೋಳಿನ ಒಂದೇ ಒಂದು ಹರಳು, ಒಳ್ಳೆಯ ಬಿಳಿ ಕಾಗದ, ಸೂಜಿಬಾಯಿಯ ಅಂಟು ತಗೊಳ್ಳಿ. ಮಷೀನು ಇರುವ ಗೆಳತಿ ಹತ್ತಿರದಲ್ಲಿದ್ದರೆ ಅವಳ ಮನೆಗೇ ಹೋಗಿ ಕಟ್ ಮಾಡಿ. ಸಂಕ್ರಾಂತಿಗೆ ಊರು ಮುಟ್ಟಬೇಕಾದ ಕಾರ್ಡನ್ನು ನಾನು ಡಿಸೆಂಬರ್ ಮೊದಲ ವಾರದಲ್ಲೇ ಅಂಚೆಗೆ ಹಾಕುತ್ತೇನೆ, ನೀವೂ ತಡ ಮಾಡಬೇಡಿ.