ಉಪ್ಪಳ ಲೋಕಲ್ಲೋ, ಔಟ್‌ಸ್ಟೇಷನ್ನೋ?

2019ರ ಜುಲೈ ನಡುವಿನ ಒಂದು ಬೆಳಿಗ್ಗೆ. ವಾರದಿಂದ ಹೊಯ್ಯುತ್ತಿದ್ದ ಮಳೆ ಅಂದು ಬಿಟ್ಟಿತ್ತು. ಕಾಸರಗೋಡು ಜಿಲ್ಲೆಯ ಬಾಯಾರಿನಿಂದ ಫೋನು.

“ಪಂಪಿನ ವಾಲ್ವ್ ಹೋಯ್ತು ಮಾರಾಯ್ರೆ. ಮದ್ದು ಕಲಸಿ ಆಗಿದೆ, ಮರ ಹತ್ತುವವರು ಬಂದು ಕೂತಿದ್ದಾರೆ. ಇವತ್ತೇ ಬೇಕು.”

ಅಡಿಕೆ ತೋಟ ಇದ್ದವರಿಗೆ ಈ ಅವಸರ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ್ದನ್ನು ಅಂದೇ ಬಿಟ್ಟು ಮುಗಿಸಬೇಕು. ಮೊದಲ ಮದ್ದು ಮಳೆಗಾಲಕ್ಕೆ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಕಳೆದು. ಆ ಎರಡನೆಯದು ತಪ್ಪಿದರೆ ಕೊಳೆರೋಗಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಮರ ಹತ್ತುವವರು ನಾಳೆ ಇನ್ನೊಬ್ಬರ ತೋಟದಲ್ಲಿ.

ನಾನು ಮಂಗಳೂರಿನಲ್ಲಿ ಕೃಷಿ ಯಂತ್ರಗಳ ಬಿಡಿಭಾಗ ಮಾರುವ ಒಂದು ಸಂಸ್ಥೆಯಲ್ಲಿ ಡಿಪೋ ನೋಡಿಕೊಳ್ಳುವವನು. ಮನೆ ಕೇರಳದ ಹೊಸಂಗಡಿ. ದಿನಾ ರಾಜ್ಯದ ಗಡಿ ತಲಪಾಡಿ ದಾಟಿ ಹೋಗಿ ಬರುವುದು. ಫೋನು ಮಾಡಿದವರ ಪಿನ್‌ಕೋಡ್ ಒತ್ತಿದೆ. ಕಂಪ್ಯೂಟರ್ ಹೇಳಿತು: ಕಲ್ಲಿಕೋಟೆ ಡಿಪೋ, ಮೂರು ದಿನ. 67ರಿಂದ ಶುರುವಾಗುವ ಪಿನ್ ಅಂದರೆ ಕೇರಳ, ಕೇರಳ ಅಂದರೆ ಕಲ್ಲಿಕೋಟೆ. ಅವರಿಗೆ ಬೇಕಾದ ವಾಲ್ವ್ ನನ್ನ ಕುರ್ಚಿಯ ಹಿಂದಿನ ರ‍್ಯಾಕಿನಲ್ಲೇ ಇತ್ತು. ಸುಮಾರು 200 ಕಿಲೋಮೀಟರ್ ತೆಂಕಿನಿಂದ ಅದೇ ವಾಲ್ವ್ ಬರಬೇಕಂತೆ! ನಾನು ಅದನ್ನು ಕಾಗದದಲ್ಲಿ ಸುತ್ತಿ, ಬಾಯಾರಿಗೆ ಹತ್ತಿರದ ಉಪ್ಪಳಕ್ಕೆ ಹೋಗುವ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟೆ. ಬಿಲ್ಲು ಮರುದಿನ.

ಆ ವಾರವೇ ಮ್ಯಾನೇಜರರ ಮುಂದೆ ಕೂತೆ. ಮಂಗಳೂರು, ಕಾಸರಗೋಡು ಎರಡನ್ನೂ ಸೇರಿಸಿ ಒಂದೇ ನಗರ ವಲಯ ಅಂತ ಹಿಡಿಯೋಣ ಅಂದೆ. ಅವರು ಬೆಂಗಳೂರು ಕಡೆಯವರು. “ಬೇರೆ ರಾಜ್ಯ ಅಲ್ವೇನ್ರಿ? ಯಾವ ಲೆಕ್ಕದಲ್ಲಿ ಒಂದು?” ಅಂದರು.

ಲೆಕ್ಕ ಹುಡುಕಿದೆ. ಸಂವಿಧಾನದ 243ಪಿ ವಿಧಿಯ ಪ್ರಕಾರ ಹತ್ತು ಲಕ್ಷ ಅಥವಾ ಹೆಚ್ಚು ಜನ ಇದ್ದು, ಎರಡೋ ಹೆಚ್ಚೋ ನಗರಸಭೆ, ಪಂಚಾಯತುಗಳು ಸೇರಿದ ಪ್ರದೇಶವನ್ನು ರಾಜ್ಯಪಾಲರು ಅಧಿಸೂಚನೆ ಹೊರಡಿಸಿ ‘ಮಹಾನಗರ ಪ್ರದೇಶ’ ಎನ್ನಬಹುದು. ನಮ್ಮಲ್ಲಿ ಯಾವ ರಾಜ್ಯಪಾಲರು? ಬೆಂಗಳೂರಿನವರೋ, ತಿರುವನಂತಪುರದವರೋ? ದೆಹಲಿಯ ಸುತ್ತಿನ ಊರುಗಳನ್ನು ಒಂದು ಯೋಜನೆಯೊಳಗೆ ತರಲಿಕ್ಕೆ 1985ರಲ್ಲಿ ಸಂಸತ್ತೇ ಕಾಯ್ದೆ ಮಾಡಬೇಕಾಯಿತು. ಅಷ್ಟಾದರೂ 2011ರ ಜನಗಣತಿಯ ದೆಹಲಿ ನಗರ ಸಮೂಹದಲ್ಲಿ ನೋಯ್ಡಾ ಇಲ್ಲ, ಗುರುಗ್ರಾಮ ಇಲ್ಲ.

ಜನಗಣತಿಯವರು ನೋಡುವುದು ಕಟ್ಟಡಗಳು ಒಂದಕ್ಕೊಂದು ತಾಗಿಕೊಂಡಿವೆಯೋ ಎಂದು. ಹಾಗಾಗಿಯೇ 2011ರಲ್ಲಿ ಕಣ್ಣೂರು ನಗರಸಭೆಯಲ್ಲಿ ಅರುವತ್ತು ಸಾವಿರ ಜನ ಇಲ್ಲದಿದ್ದರೂ ಕಣ್ಣೂರು ನಗರ ಸಮೂಹ ಹದಿನಾರು ಲಕ್ಷ ದಾಟಿತು. ಊರು, ಪೇಟೆ, ಮತ್ತೆ ಊರು, ನಡುವೆ ಖಾಲಿ ಜಾಗವೇ ಇಲ್ಲ. ತೊಕ್ಕೊಟ್ಟಿನಿಂದ ಕುಂಬಳೆವರೆಗೆ ಹೆದ್ದಾರಿಯಲ್ಲಿ ಹೋದರೆ ನಮಗೂ ಹಾಗೆಯೇ ಕಾಣುತ್ತದೆ. ನಾನು ಇದನ್ನೇ ತೋರಿಸಿ ಮ್ಯಾನೇಜರರನ್ನು ಒಪ್ಪಿಸಿದೆ. ಆಗಸ್ಟಿನಿಂದ ಕಾಸರಗೋಡು ಪೇಟೆವರೆಗೂ ‘ಲೋಕಲ್’, ಅಂದಂದೇ ವ್ಯಾನು.

ತಿಂಗಳು ಮುಗಿಯುವಾಗ ಉಪ್ಪಳದ ಡೀಲರ್ ಒಬ್ಬರು ಫೋನಿನಲ್ಲೇ ಬೈದರು. ನಾನು ಡೆಲಿವರಿಗೆಂದು ಬದಲಿಸಿದ ವಲಯವನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ತೆರಿಗೆಗೂ ಹಿಡಿದುಕೊಂಡಿತ್ತು. ಅವರ ಜಿಎಸ್‌ಟಿ ನಂಬರು ಕೇರಳದ 32ರಿಂದ ಶುರು, ನಮ್ಮದು ಕರ್ನಾಟಕದ 29ರಿಂದ. ರಾಜ್ಯ ದಾಟುವ ಮಾಲಿಗೆ ಐಜಿಎಸ್‌ಟಿ ಹಾಕಬೇಕಿತ್ತು. ‘ಲೋಕಲ್’ ಆದ ಕಾರಣ ಕೇಂದ್ರಕ್ಕೆ ಸಿಜಿಎಸ್‌ಟಿ, ರಾಜ್ಯಕ್ಕೆ ಎಸ್‌ಜಿಎಸ್‌ಟಿ ಅಂತ ಒಡೆದು ಬಿದ್ದಿತ್ತು. ಕರ್ನಾಟಕಕ್ಕೆ ಕಟ್ಟಿದ ಎಸ್‌ಜಿಎಸ್‌ಟಿಯನ್ನು ಕೇರಳದ ವ್ಯಾಪಾರಿ ಏನು ಮಾಡಿಯಾರು? ಅವರಿಗೆ ಅದರ ಕ್ರೆಡಿಟ್ ಸಿಕ್ಕುವುದಿಲ್ಲ, ಅಂದರೆ ತಾವು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯಲಿಕ್ಕೆ ಆಗುವುದಿಲ್ಲ. ಇಡೀ ತಿಂಗಳ ಬಿಲ್ಲುಗಳಿಗೆ ಕ್ರೆಡಿಟ್ ನೋಟ್, ಹೊಸ ಬಿಲ್ಲು. ಎರಡು ಭಾನುವಾರ ನಾನೂ ಬಿಲ್ಲಿಂಗ್‌ನ ಹುಡುಗಿಯೂ ಚಾ ಕುಡಿದುಕೊಂಡು ಅದನ್ನೇ ಮಾಡಿದೆವು. ತಪ್ಪು ಸಾಫ್ಟ್‌ವೇರಿನದ್ದಲ್ಲ, ನನ್ನದು. ವ್ಯಾನಿಗೆ ಒಂದೇ ಊರಾದದ್ದು ಖಾತೆಗೂ ಒಂದೇ ಊರು ಅಂತ ತಿಳಿದದ್ದು ನಾನು.

ಬಿಲ್ಲು ತಿದ್ದುವಾಗ ಕೌಂಟರ್ ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಬೇಕಾಯಿತು. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮಂಜೇಶ್ವರ, ಉಪ್ಪಳ, ಬಾಯಾರಿನವರು ಫೋನಿನಲ್ಲಿ ಹೇಳುವುದು ಒಂದೇ ಮಾತು: “ತೆಗೆದಿಡಿ, ಹೇಗೂ ಬರ್ಲಿಕ್ಕುಂಟು.” ಮಗಳಿಗೆ ದೇರಳಕಟ್ಟೆಯಲ್ಲಿ ಕಾಲೇಜು, ಅಮ್ಮನಿಗೆ ಮಂಗಳೂರಿನಲ್ಲಿ ಡಾಕ್ಟರು, ಕ್ಯಾಂಪ್ಕೋದಲ್ಲಿ ಏನೋ ಕೆಲಸ. (1973ರಲ್ಲಿ ಎರಡೂ ರಾಜ್ಯದ ಬೆಳೆಗಾರರಿಗೆಂದು ಹುಟ್ಟಿದ ಸಹಕಾರಿ ಅದು. ಅಡಿಕೆಗೆ ತಲಪಾಡಿ ಯಾವತ್ತೂ ದೊಡ್ಡ ಗಡಿಯಾಗಿರಲಿಲ್ಲ.) ಕಾಸರಗೋಡು ಪೇಟೆಯವರು ಮಾತ್ರ “ಪಾರ್ಸೆಲ್ ಹಾಕಿ” ಅನ್ನುತ್ತಾರೆ. ಅವರಿಗೆ ಅವರದ್ದೇ ಪೇಟೆ, ಅವರದ್ದೇ ಜಿಲ್ಲಾ ಕಚೇರಿ. ಇನ್ನು ಪೆರ್ಲದವರು “ಪುತ್ತೂರಿಗೆ ಕಳಿಸಿ, ಅಲ್ಲಿಂದ ತೆಗೊಳ್ತೇವೆ” ಅನ್ನುವವರು. ಮಂಗಳೂರು, ಕಾಸರಗೋಡು ಎಂದು ನಾನು ಜೋಡಿ ಮಾಡಿದ್ದರಲ್ಲಿ ಪುತ್ತೂರು ಇರಲೇ ಇಲ್ಲ.

ಆವತ್ತಿನಿಂದ ನನ್ನ ಅಳತೆಗೋಲು ‘ಹೇಗೂ ಬರ್ಲಿಕ್ಕುಂಟು’. ಆ ಮಾತು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ಒಂದೇ ನಗರ. ನನ್ನ ಚೀಟಿಗಳಲ್ಲಿ ಅದು ಕುಂಬಳೆಯ ಹತ್ತಿರ ನಿಂತಿತು. ಕಾಸರಗೋಡಿನ ಗಡಿ ತಕರಾರಿಗೆ ಪರಿಹಾರ ಹೇಳಿದ ಮಹಾಜನ ವರದಿಯ ಗೆರೆ ಚಂದ್ರಗಿರಿ ಹೊಳೆ, ನನ್ನದು ಅದಕ್ಕಿಂತ ಬಡಗು. ಇದನ್ನು ಹೇಳಿದಾಗ ಅಪ್ಪನಿಗೆ ಸಿಟ್ಟು ಬಂತು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬಹಳ ವರ್ಷ ನಂಬಿದವರು. ಭಾಷೆಯ ಗೆರೆ ಬೇರೆ, ಪಾರ್ಸೆಲಿನ ಗೆರೆ ಬೇರೆ ಅಂತ ಸಮಾಧಾನ ಮಾಡಿದೆ. ಪೂರ್ತಿ ಒಪ್ಪಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾದಿಂದ ತಲಪಾಡಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿನಾಡಿನ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟರು. ಕೇರಳ ಹೈಕೋರ್ಟು ದಾರಿ ಬಿಡಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನಾನು ಹೊಸಂಗಡಿಯ ಮನೆಯಲ್ಲಿ ಕೂತಿದ್ದೆ, ಡಿಪೋ ಅತ್ತ, ಮದ್ದಿನ ಕಾಲ ಹತ್ತಿರ. ಒಂದೇ ನಗರ ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದವನು ನಾನೇ. ಆ ನಗರದ ನಡುವೆ ಒಂದು ಲೋಡು ಮಣ್ಣು ಬಿದ್ದರೆ ಕೇಳುವವರು ಯಾರೂ ಇರಲಿಲ್ಲ, ಯಾಕೆಂದರೆ ಸರಕಾರದ ಯಾವ ಕಾಗದದಲ್ಲೂ ಅದು ಒಂದು ನಗರ ಅಲ್ಲ. ಮ್ಯಾನೇಜರರ ಪ್ರಶ್ನೆಯ ತೂಕ ಗೊತ್ತಾದದ್ದು ಆಗ.

ಈಗ ಮೇ ತಿಂಗಳಲ್ಲೇ ಹೊಸಂಗಡಿಯ ಒಬ್ಬ ಡೀಲರ್ ಹತ್ತಿರ ವಾಲ್ವ್, ವಾಶರ್, ಪಿಸ್ಟನ್ ಕಪ್‌ಗಳ ಹೆಚ್ಚಿನ ಸ್ಟಾಕ್ ಇಳಿಸಿಬಿಡುತ್ತೇವೆ. 671321, 322, 323 ಈ ಪಿನ್‌ಗಳು ಡೆಲಿವರಿಗೆ ಲೋಕಲ್, ಬಿಲ್ಲಿಗೆ ಹೊರರಾಜ್ಯ. ತಲಪಾಡಿಯಿಂದ ಚೆಂಗಳಕ್ಕೆ ಆರು ಪಥದ ರಸ್ತೆ ಆದಮೇಲೆ ಕಾಸರಗೋಡು ಪೇಟೆಯ ಒಂದಿಬ್ಬರು “ನಮಗೂ ಅಂದೇ ಕೊಡಿ” ಅನ್ನಲಿಕ್ಕೆ ಶುರು ಮಾಡಿದ್ದಾರೆ. ಗೋಡೆಯ ಪಟ್ಟಿಯಲ್ಲಿ ಗೆರೆ ಎಳೆದದ್ದು ಪೆನ್ಸಿಲಿನಲ್ಲಿ.

ಸರಿಯಾಗದ್ದು ಒಂದಿದೆ, ನವೆಂಬರ್ 1. ಎರಡೂ ರಾಜ್ಯ ಹುಟ್ಟಿದ್ದು 1956ರ ಅದೇ ದಿನ. ಮಂಗಳೂರಿನಲ್ಲಿ ರಾಜ್ಯೋತ್ಸವದ ರಜೆ, ಉಪ್ಪಳದಲ್ಲಿ ಅಂಗಡಿ ತೆರೆದೇ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂದೇ ಬರುತ್ತದೆ. ಅದಕ್ಕೆ ಅಕ್ಟೋಬರ್ 31ರ ಸಂಜೆ ಡಿಪೋದ ಒಂದು ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡೇ ನಾನು ಬಸ್ಸು ಹತ್ತುವುದು.